ಎಲ್ಲಿದ್ದೀಯಪ್ಪ ಎಂದು ನಾವು ಯಾರನ್ನು ಕೇಳಿದೆವು?

ಚುನಾವಣೆಯ ಹೊತ್ತಿನಲ್ಲಿ ಪತ್ರಿಕಾ ಕಚೇರಿಗೆ ಸ್ಕೇಲು ಹಿಡಿದು ಬಂದವರನ್ನು ನಾನು ನೋಡಿದ್ದೇನೆ. ಜಿಲ್ಲಾ ಕೇಂದ್ರವೊಂದರಲ್ಲಿ ಡೆಸ್ಕಿನ ಕೆಲಸ ಮಾಡುತ್ತಿದ್ದ ಕಾಲ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಭ್ಯರ್ಥಿಯೊಬ್ಬರ ಕಡೆಯವರು ಜಗಲಿಯಲ್ಲಿ ಕೂತಿದ್ದರು. ಕಂಕುಳಲ್ಲಿ ಅವತ್ತಿನ ಪತ್ರಿಕೆ, ಜೇಬಿನಲ್ಲಿ ಮಗನ ಜಾಮಿಟ್ರಿ ಬಾಕ್ಸಿನಿಂದ ಎತ್ತಿಕೊಂಡು ಬಂದ ಸ್ಕೇಲು. ‘ನೋಡಿ ಸಾರ್, ಅವರ ಫೋಟೊ ಹನ್ನೊಂದು ಸೆಂಟಿಮೀಟ್ರು. ನಮ್ಮ ಸಾಹೇಬ್ರುದು ಎಂಟು. ಇದು ನ್ಯಾಯವಾ?’ ಅಳೆದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಮಧ್ಯಾಹ್ನ ಎದುರಾಳಿ ಕಡೆಯವರು ಬಂದರು. ಅವರ ಕೈಯಲ್ಲೂ ಅದೇ ಪುಟ. ‘ಫೋಟೊ ದೊಡ್ಡದು ಹಾಕಿ ಏನು ಬಂತು? ಸುದ್ದಿ ಮಡಿಕೆಯ ಕೆಳಗೆ ತಳ್ಳಿದ್ದೀರಿ. ಅವರದು ತಲೆಯ ಮೇಲೆ ಕೂತಿದೆ.’ ನಮ್ಮ ಹಿರಿಯ ವರದಿಗಾರರು ಇಬ್ಬರಿಗೂ ಟೀ ತರಿಸಿ, ಇಬ್ಬರಿಗೂ ‘ನಾಳೆ ನೋಡೋಣ’ ಎಂದು ಹೇಳಿ ಕಳಿಸಿದರು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ದಿನದಿಂದ ‘ಮಾಧ್ಯಮ ಪಕ್ಷಪಾತಿ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಬರುವುದು ಆ ಸ್ಕೇಲು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ವಲೋನ್, ರಾಸ್ ಮತ್ತು ಲೆಪ್ಪರ್ ಇದನ್ನೇ ಪ್ರಯೋಗ ಮಾಡಿ ನೋಡಿದ್ದರು. 1982ರಲ್ಲಿ ಲೆಬನಾನಿನ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟೀವಿ ವರದಿಗಳನ್ನು ಇಸ್ರೇಲ್ ಪರ ಇದ್ದ ವಿದ್ಯಾರ್ಥಿಗಳಿಗೂ ಅರಬರ ಪರ ಇದ್ದ ವಿದ್ಯಾರ್ಥಿಗಳಿಗೂ ತೋರಿಸಿದರು. ವರದಿಗಳು ಒಂದೇ, ನೋಡಿದ ಕಣ್ಣು ಬೇರೆ. ಇವು ಇಸ್ರೇಲಿಗೆ ವಿರುದ್ಧವಾಗಿವೆ ಎಂದು ಒಂದು ಗುಂಪು ಸಿಟ್ಟಾಯಿತು, ಇಸ್ರೇಲಿನ ಪರವಾಗಿವೆ ಎಂದು ಇನ್ನೊಂದು. 1985ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಸಂಪಾದಕರು ಆಗಾಗ ಗುರಾಣಿಯಂತೆ ಹಿಡಿಯುತ್ತಾರೆ. ಎರಡೂ ಕಡೆಯವರು ಬೈಯುತ್ತಿದ್ದಾರೆ, ಅಂದಮೇಲೆ ನಾವು ಸರಿಯಾಗಿದ್ದೇವೆ ಎಂದು ಅರ್ಥ, ಎನ್ನುತ್ತಾರೆ.

ಈ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆಯಿಂದ ಬೈಸಿಕೊಂಡವನು ಎರಡೂ ಕಡೆಗೆ ತಪ್ಪು ಮಾಡಿರಲಿಕ್ಕೂ ಸಾಕು. ಅದಕ್ಕೆ 2019ರ ಮಂಡ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ 28 ಕ್ಷೇತ್ರಗಳಿದ್ದವು ಎಂಬುದನ್ನು ಟೀವಿ ನೋಡಿದವರು ನಂಬುವುದು ಕಷ್ಟ. ಇದ್ದದ್ದು ಒಂದೇ ಕ್ಷೇತ್ರ. ಒಂದು ಕಡೆ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್, ಜೆಡಿಎಸ್–ಕಾಂಗ್ರೆಸ್ ಮೈತ್ರಿ ಅಭ್ಯರ್ಥಿ. ಇನ್ನೊಂದು ಕಡೆ ಆಗಷ್ಟೇ ತೀರಿಕೊಂಡಿದ್ದ ನಟ ಅಂಬರೀಶ್ ಅವರ ಪತ್ನಿ ಸುಮಲತಾ, ಪಕ್ಷೇತರ. ಬಿಜೆಪಿ ಅಲ್ಲಿ ಅಭ್ಯರ್ಥಿಯನ್ನೇ ಹಾಕದೆ ಸುಮಲತಾ ಅವರನ್ನು ಬೆಂಬಲಿಸಿತು, ರೈತ ಸಂಘವೂ ಬೆಂಬಲಿಸಿತು. ನಟರಾದ ದರ್ಶನ್ ಮತ್ತು ಯಶ್ ಅವರ ಪರ ಊರೂರು ತಿರುಗಿದರು, ‘ಜೋಡೆತ್ತು’ ಎನಿಸಿಕೊಂಡರು. ಅವು ಉಳುವ ಎತ್ತುಗಳಲ್ಲ, ಬೆಳೆ ಮೇಯುವ ಕಳ್ಳೆತ್ತುಗಳು ಎಂದು ಜೆಡಿಎಸ್ ಕಡೆಯಿಂದ ಉತ್ತರ ಬಂತು. ಟೀವಿಗೆ ಇದಕ್ಕಿಂತ ಹೆಚ್ಚಿಗೆ ಏನು ಬೇಕು?

ಇದರ ನಡುವೆ ಆ ವಿಡಿಯೊ. 2016ರಲ್ಲಿ ನಡೆದ, ನಿಖಿಲ್ ನಟಿಸಿದ ‘ಜಾಗ್ವಾರ್’ ಚಿತ್ರದ ಆಡಿಯೊ ಬಿಡುಗಡೆಯಲ್ಲಿ ವೇದಿಕೆಯ ಮೇಲಿದ್ದ ಕುಮಾರಸ್ವಾಮಿ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂದು ಮಗನನ್ನು ಕೂಗಿದ್ದರು. ಮಗ ಜನರ ನಡುವಿನಿಂದ ಎದ್ದು ಬರುವ ಹಾಗೆ ಕಾರ್ಯಕ್ರಮ ಹೆಣೆದಿದ್ದರು. ಸಿನಿಮಾ ಸಮಾರಂಭದ ಸಣ್ಣ ಗಿಮಿಕ್ಕು ಅದು, ಇಂಥವು ವಾರಕ್ಕೊಂದು ನಡೆಯುತ್ತವೆ. ಮೂರು ವರ್ಷದ ನಂತರ ಚುನಾವಣೆಯಲ್ಲಿ ಅದನ್ನು ಹೆಕ್ಕಿ ತೆಗೆದು ಮೊಬೈಲಿಂದ ಮೊಬೈಲಿಗೆ ಹರಿಬಿಟ್ಟರು. ಅಷ್ಟಕ್ಕೇ ನಿಂತಿದ್ದರೆ ಅದು ಹಳ್ಳಿಕಟ್ಟೆಯ ತಮಾಷೆ. ಆದರೆ ಸುದ್ದಿವಾಹಿನಿಗಳು ಅದನ್ನು ಸುದ್ದಿಯಾಗಿ ಹಾಕಿದವು, ಹಾಡು ಮಾಡಿ ಹಾಕಿದವು, ಮಕ್ಕಳ ಬಾಯಲ್ಲಿ ಹೇಳಿಸಿ ಹಾಕಿದವು. ಆ ಹೆಸರಿನಲ್ಲಿ ಸಿನಿಮಾ ಮಾಡುತ್ತೇವೆಂದು ನಿರ್ಮಾಪಕರು ಫಿಲಂ ಚೇಂಬರಿಗೆ ಅರ್ಜಿ ಹಾಕಿದ್ದೂ ಸುದ್ದಿಯಾಯಿತು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಕ್ಕಾದ ಮೇಲೆ ಕೂತು ಯೋಚಿಸಬೇಕಾದದ್ದು ಬೇರೆ. ನಿಖಿಲ್ ಬಗ್ಗೆ ಮಾಧ್ಯಮ ಕೇಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿದರೆ ಮೂರು ಎದ್ದು ಕಾಣುತ್ತವೆ. ಸಿನಿಮಾದವರಿಗೆ ರಾಜಕೀಯ ಏನು ಗೊತ್ತು? ಮನೆತನದ ಹೆಸರು ಬಿಟ್ಟರೆ ಇವರ ಅರ್ಹತೆ ಏನು? ಮಂಡ್ಯಕ್ಕೂ ಇವರಿಗೂ ಏನು ಸಂಬಂಧ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಅಜ್ಜ ದೇವೇಗೌಡರು ತುಮಕೂರಿನಲ್ಲಿ, ಒಬ್ಬ ಮೊಮ್ಮಗ ಪ್ರಜ್ವಲ್ ಹಾಸನದಲ್ಲಿ, ಇನ್ನೊಬ್ಬ ಮಂಡ್ಯದಲ್ಲಿ, ಹೀಗೆ ಒಂದೇ ಮನೆಯಿಂದ ಮೂವರು ಕಣದಲ್ಲಿದ್ದರು. ಅದನ್ನು ಕೇಳದ ಪತ್ರಕರ್ತ ಮನೆಗೆ ಹೋಗಬಹುದು.

ಆದರೆ ಈ ಮೂರೂ ಪ್ರಶ್ನೆ ಸುಮಲತಾ ಅವರಿಗೂ ಅನ್ವಯಿಸುತ್ತಿದ್ದವು. ಅವರೂ ಸಿನಿಮಾದವರು. ಮೂರು ಸಲ ಮಂಡ್ಯದ ಸಂಸದರಾಗಿದ್ದ, ಕೇಂದ್ರ ಮತ್ತು ರಾಜ್ಯ ಎರಡರಲ್ಲೂ ಮಂತ್ರಿಯಾಗಿದ್ದ ಗಂಡನ ಹೆಸರೇ ಅವರ ಬಂಡವಾಳ. ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಒಬ್ಬರ ವಂಶದ ಹೆಸರು ‘ಕುಟುಂಬ ರಾಜಕಾರಣ’ ಆಯಿತು, ಇನ್ನೊಬ್ಬರದು ‘ಸ್ವಾಭಿಮಾನ’ ಆಯಿತು. ಸುಮಲತಾ ಅವರ ಮಗ ಅಭಿಷೇಕ್ ತಾಯಿಯ ಪರ ಪ್ರಚಾರ ಮಾಡುತ್ತಿದ್ದರು. ಅವರ ಮೊದಲ ಚಿತ್ರ ‘ಅಮರ್’ ಫಲಿತಾಂಶ ಬಂದ ಎಂಟು ದಿನಕ್ಕೆ, ಮೇ 31ಕ್ಕೆ ಬಿಡುಗಡೆ ಆಯಿತು. ಪ್ರಚಾರಕ್ಕೂ ಬಿಡುಗಡೆಗೂ ನಂಟು ಕಟ್ಟಿ ನಿಖಿಲ್ ಅವರನ್ನು ಆಡಿಕೊಂಡಂತೆ ಯಾರೂ ಅಭಿಷೇಕ್ ಅವರನ್ನು ಆಡಿಕೊಳ್ಳಲಿಲ್ಲ. ಆಡಿಕೊಳ್ಳಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಮನೆಗೆ ಒಂದು ಸೇರು, ಇನ್ನೊಂದು ಮನೆಗೆ ಇನ್ನೊಂದು ಸೇರು ಇಟ್ಟುಕೊಂಡು ಅಳೆದೆವು ಎನ್ನುತ್ತಿದ್ದೇನೆ.

ಮಂಡ್ಯದ ಗಡಿ ದಾಟಿ ನೋಡಿದರೆ ಇದು ಇನ್ನೂ ಸ್ಪಷ್ಟ. ಅದೇ ಚುನಾವಣೆಯಲ್ಲಿ ಶಿವಮೊಗ್ಗದಲ್ಲಿ ಯಡಿಯೂರಪ್ಪ ಅವರ ಮಗ ರಾಘವೇಂದ್ರ, ಬಂಗಾರಪ್ಪ ಅವರ ಮಗ ಮಧು ಎದುರುಬದುರಾಗಿದ್ದರು. ಇಬ್ಬರು ಮಾಜಿ ಮುಖ್ಯಮಂತ್ರಿಗಳ ಮಕ್ಕಳ ಸೆಣಸಾಟ ಅದು. ‘ಎಲ್ಲಿದ್ದೀಯಪ್ಪ’ ಎಂದು ಯಾರೂ ಕೂಗಲಿಲ್ಲ. ಬೆಂಗಳೂರು ದಕ್ಷಿಣದಲ್ಲಿ 28ರ ತೇಜಸ್ವಿ ಸೂರ್ಯ ಹೊಸ ಮುಖವಾಗಿ ಮಿಂಚಿದರು. ಅವರ ಚಿಕ್ಕಪ್ಪ ಬಸವನಗುಡಿಯ ಶಾಸಕರು ಎಂಬುದು ಸುದ್ದಿಯ ಕೊನೆಯ ಸಾಲಿನಲ್ಲಿ ಬಂದರೆ ಬಂತು. ಐದು ವರ್ಷ ಕಳೆದು 2024ಕ್ಕೆ ಬಂದರೆ, ಕಾಂಗ್ರೆಸ್ ಮಂತ್ರಿಗಳ ಮಕ್ಕಳು ಚಿಕ್ಕೋಡಿ, ಬೀದರ್, ಬೆಳಗಾವಿ, ಬಾಗಲಕೋಟೆ, ಚಾಮರಾಜನಗರ ಹೀಗೆ ಸಾಲಾಗಿ ನಿಂತರು. ಎರಡು ದಿನ ಟೀಕೆ ಬಂತು. ಮೂರನೆಯ ದಿನ ಅವರೆಲ್ಲ ‘ಯುವ ಅಭ್ಯರ್ಥಿ’ಗಳಾಗಿದ್ದರು.

ಹಾಗಾದರೆ 2019ರಲ್ಲಿ ಒಬ್ಬರನ್ನೇ ಯಾಕೆ ಹಿಡಿದು ಜಗ್ಗಿದರು? ‘ಎದುರಾಳಿ ಕಡೆಯಿಂದ ದುಡ್ಡು’ ಎಂಬುದು ಜೆಡಿಎಸ್ ಕಾರ್ಯಕರ್ತರ ಉತ್ತರ. ‘ಮುಖ್ಯಮಂತ್ರಿಯ ದರ್ಪಕ್ಕೆ ಬಗ್ಗದ ಮಾಧ್ಯಮ’ ಎಂಬುದು ಸುಮಲತಾ ಅಭಿಮಾನಿಗಳ ಉತ್ತರ. ನನ್ನ ಅನುಭವದಲ್ಲಿ ಕಾರಣ ಇಷ್ಟು ದೊಡ್ಡದಾಗಿರುವುದಿಲ್ಲ. ಸುದ್ದಿಮನೆಗೆ ಬೇಕಾದದ್ದು ಕಥೆ. ಕಥೆಗೆ ಮೊದಲ ದಿನವೇ ಪಾತ್ರ ಹಂಚಿ ಆಗಿರುತ್ತದೆ. ಇವರು ಅಧಿಕಾರಸ್ಥರು, ಇವರು ಒಂಟಿ ಹೆಣ್ಣು. ಇವರು ಮೆರೆಯುವವರು, ಇವರು ನೊಂದವರು. ಒಮ್ಮೆ ಬಣ್ಣ ಹಚ್ಚಿದ ಮೇಲೆ ವರದಿಗಾರ ಏನು ತಂದರೂ ಆ ಪಾತ್ರಕ್ಕೆ ಹೊಂದಿದರೆ ಹಾಕುತ್ತಾರೆ, ಹೊಂದದಿದ್ದರೆ ‘ಸ್ಟೋರಿಲಿ ದಮ್ಮಿಲ್ಲ’ ಎನ್ನುತ್ತಾರೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬಂದರೆ ಅಬ್ಬರ, ಸ್ತ್ರೀವೇಷ ಬಂದರೆ ಕರುಣ. ಅಲ್ಲಿ ಅದು ಕಲೆ, ಮತ್ತು ಅದು ವೇಷ ಎಂದು ನೋಡುವವರಿಗೂ ಗೊತ್ತಿರುತ್ತದೆ.

ಪಾತ್ರ ಹಂಚುವ ಕೆಲಸವನ್ನು ಮಾಡುವುದು ಕ್ರಿಯಾಪದಗಳು. ಕನ್ನಡದ ಶೀರ್ಷಿಕೆಗಳನ್ನು ನೋಡಿ. ಒಬ್ಬರು ‘ಹೇಳಿದರು’, ಇನ್ನೊಬ್ಬರು ‘ಕಿಡಿಕಾರಿದರು’, ಮತ್ತೊಬ್ಬರು ‘ಅಳಲು ತೋಡಿಕೊಂಡರು’. ಮೂವರೂ ಒಂದೇ ದನಿಯಲ್ಲಿ ಮಾತಾಡಿರಬಹುದು. ಕಣ್ಣೀರಿನ ವಿಷಯವನ್ನೇ ತೆಗೆದುಕೊಳ್ಳಿ. 2019ರ ಮಾರ್ಚಿನಲ್ಲಿ ಪ್ರಜ್ವಲ್ ಹೆಸರು ಘೋಷಿಸುವಾಗ ದೇವೇಗೌಡರೂ ಅವರ ಮಗ ರೇವಣ್ಣನವರೂ ಅತ್ತರು. ಅದು ‘ಕಣ್ಣೀರು ರಾಜಕಾರಣ’. ಕುಮಾರಸ್ವಾಮಿ ಅತ್ತರೆ ‘ಮತ್ತೆ ಕಣ್ಣೀರು’. ಆ ‘ಮತ್ತೆ’ ಎಂಬ ಎರಡಕ್ಷರದಲ್ಲಿ ಸಂಪಾದಕೀಯ ಅಡಗಿದೆ. ಸುಮಲತಾ ಕಣ್ಣು ಒರೆಸಿಕೊಂಡರೆ ‘ಭಾವುಕರಾದ ಸುಮಲತಾ’. ಯಾರ ಕಣ್ಣೀರು ನಿಜ, ಯಾರದು ನಾಟಕ ಎಂದು ತೀರ್ಪು ಕೊಡುವ ಉಪಕರಣ ಯಾವ ಸುದ್ದಿಮನೆಯಲ್ಲೂ ಇಲ್ಲ. ಏಕವಚನ, ಬಹುವಚನದ ಆಟ ಇನ್ನೊಂದು. ತೆರೆಯ ಕೆಳಗೆ ಓಡುವ ಪಟ್ಟಿಯಲ್ಲಿ ಯಾರನ್ನು ‘ಅವರು’ ಎನ್ನುತ್ತಾರೆ, ಯಾರನ್ನು ‘ಅವನು’ ಮಾಡಿ ಕೂರಿಸುತ್ತಾರೆ ಎಂದು ಒಂದು ಸಂಜೆ ನೋಡಿ. ಇಂಗ್ಲಿಷ್ ಪತ್ರಕರ್ತನಿಗೆ ಈ ಸೌಲಭ್ಯ ಇಲ್ಲ, ನಮಗಿದೆ.

ಇಷ್ಟು ಹೇಳಿದಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸುಮಲತಾ ಅವರಿಗೆ ಸಿಕ್ಕಿದ್ದೆಲ್ಲ ಹೂವಿನ ಹಾರವೇ? ಗಂಡ ಸತ್ತು ಎಷ್ಟು ದಿನವಾಯಿತು, ಇಷ್ಟು ಬೇಗ ರಾಜಕೀಯ ಬೇಕಿತ್ತಾ ಎಂಬರ್ಥದ ಮಾತನ್ನು ಆಗ ಮಂತ್ರಿಯಾಗಿದ್ದ ಎಚ್.ಡಿ. ರೇವಣ್ಣ ಆಡಿದರು. ಸುಮಲತಾ ಗೌಡತಿ ಹೌದೋ ಅಲ್ಲವೋ ಎಂದು ಜಾತಿಯನ್ನು ತಡವಿದ ಮಾತುಗಳೂ ಬಂದವು. ವಾಹಿನಿಗಳು ಇವನ್ನು ಖಂಡಿಸುವ ನೆಪದಲ್ಲಿ ಇಡೀ ದಿನ ತಿರುಗಿಸಿ ತಿರುಗಿಸಿ ಹಾಕಿದವು. ಖಂಡನೆಯೂ ಆಯಿತು, ಟಿಆರ್‌ಪಿಯೂ ಬಂತು. ಹೆಂಡತಿ ತೀರಿಕೊಂಡ ಗಂಡಸು ಚುನಾವಣೆಗೆ ನಿಂತರೆ ಸೂತಕದ ಲೆಕ್ಕ ಹಾಕುವವರನ್ನು ನಾನು ಕಂಡಿಲ್ಲ. ಇನ್ನು ‘ಮಂಡ್ಯದ ಸೊಸೆ’ ಎಂಬ ಬಿರುದು. ಹೊಗಳಿಕೆಯಂತೆ ಕಾಣುವ ಇದು ಕೂಡ ಹೆಣ್ಣನ್ನು ನೆಂಟಸ್ತಿಕೆಯ ಮೂಲಕವೇ ಅಳೆಯುವ ಕೋಲು. ನಿಖಿಲ್ ಅವರನ್ನು ಯಾರೂ ಯಾವ ಊರಿನ ಅಳಿಯ ಎಂದು ಕೇಳಲಿಲ್ಲವಲ್ಲ!

ಈ ಕೋಲು ಹಳೆಯದು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ನಿಂತಾಗ ದೇಶದ ಮಾಧ್ಯಮವೆಲ್ಲ ಬಂದು ಬಳ್ಳಾರಿಯಲ್ಲಿ ಇಳಿಯಿತು. ವಿದೇಶಿ ಸೊಸೆ, ಸ್ವದೇಶಿ ಮಗಳು ಎಂಬ ಎರಡು ಪಾತ್ರಗಳನ್ನು ಹಂಚಿ, ಸೀರೆ, ಕುಂಕುಮ, ಬಳೆಯ ಬಗ್ಗೆ ಬರೆದು, ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತದ್ದನ್ನು ಮೆಚ್ಚಿ ಬರೆದು, ವಾಪಸು ಹೊರಟುಹೋಯಿತು. ಸೋನಿಯಾ 56,100 ಮತಗಳಿಂದ ಗೆದ್ದರು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು.

ಮಂಡ್ಯಕ್ಕೆ ಮರಳೋಣ. ಕುಮಾರಸ್ವಾಮಿ ಅವರ ಅಸಮಾಧಾನ ಗುಟ್ಟಾಗಿರಲಿಲ್ಲ. ಮತದಾನ ಮುಗಿದ ಮೇಲೆ ಮಾಧ್ಯಮವನ್ನು ಬಹಿಷ್ಕರಿಸುತ್ತೇನೆ ಎಂದರು. ರಾಜಕಾರಣಿಗಳು ನಿಮ್ಮ ಕಣ್ಣಿಗೆ ಕಾರ್ಟೂನ್ ಪಾತ್ರಗಳಂತೆ ಕಾಣುತ್ತೇವಾ ಎಂದು ಮೈಸೂರಿನ ಸಭೆಯೊಂದರಲ್ಲಿ ಕೇಳಿದರು. ಪ್ರಶ್ನೆಯಲ್ಲಿ ಸತ್ಯವಿತ್ತು. ಆದರೆ ಕೇಳಿದವರು ಬೀದಿಯಲ್ಲಿ ನಿಂತ ಬಡಪಾಯಿ ಅಲ್ಲ, ನಾಡಿನ ಮುಖ್ಯಮಂತ್ರಿ. 2007ರಲ್ಲಿ ಶುರುವಾದ ಕಸ್ತೂರಿ ವಾಹಿನಿ ಅವರ ಪತ್ನಿಯ ಒಡೆತನದ್ದಾಗಿತ್ತು. 2019ರ ಮೇ ತಿಂಗಳಲ್ಲಿ ನಿಖಿಲ್ ಕುರಿತ ವರದಿಯೊಂದಕ್ಕಾಗಿ ‘ವಿಶ್ವವಾಣಿ’ ಸಂಪಾದಕ ವಿಶ್ವೇಶ್ವರ ಭಟ್ ಅವರ ಮೇಲೆ ಜೆಡಿಎಸ್ ಕಾನೂನು ಘಟಕದ ದೂರಿನಂತೆ ಎಫ್ಐಆರ್ ದಾಖಲಾಯಿತು. ಅನ್ಯಾಯವಾಯಿತು ಎನ್ನುವವರ ಹಿಂದೆ ಪೊಲೀಸ್ ಠಾಣೆ ನಿಂತಿದ್ದರೆ ಅವರ ದೂರಿಗೆ ಬೇರೆಯದೇ ವಾಸನೆ ಬರುತ್ತದೆ. ಇತ್ತ ಬಿಜೆಪಿಯ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ಹೂಡಿಕೆ ಸುವರ್ಣ ನ್ಯೂಸ್‌ನಲ್ಲಿತ್ತು. ಅಂಗಡಿ ಇಟ್ಟವರೇ ಕಣದಲ್ಲೂ ಇದ್ದಾಗ ತಕ್ಕಡಿಯ ಮಾತನ್ನು ಯಾರ ಹತ್ತಿರ ಆಡುವುದು?

ನಿಯಮಗಳಿವೆಯಲ್ಲ ಎನ್ನಬಹುದು. ಇವೆ. ಚುನಾವಣಾ ಆಯೋಗ 1998ರಿಂದ ದೂರದರ್ಶನ, ಆಕಾಶವಾಣಿಯಲ್ಲಿ ಪಕ್ಷಗಳಿಗೆ ಸಮಯ ಹಂಚುತ್ತದೆ. ಹಂಚುವುದು ಮಾನ್ಯತೆ ಪಡೆದ ಪಕ್ಷಗಳಿಗೆ, ಪಕ್ಷೇತರರಿಗೆ ಅಲ್ಲ. ಅಂದರೆ ಸರ್ಕಾರಿ ತೆರೆಯಲ್ಲಿ ಒಂದು ನಿಮಿಷದ ಹಕ್ಕೂ ಇಲ್ಲದ ಅಭ್ಯರ್ಥಿ ಖಾಸಗಿ ತೆರೆಯಲ್ಲಿ ದಿನಗಟ್ಟಲೆ ಬರಬಹುದು. ಎರಡಕ್ಕೂ ಸಂಬಂಧವೇ ಇಲ್ಲ. ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಕಾಸಿಗಾಗಿ ಸುದ್ದಿ ಬಂದಿದೆಯೇ ಎಂದು ಅದು ನೋಡಬೇಕು. ಅದು ಹುಟ್ಟಿದ್ದು 2009ರ ಹಗರಣಗಳ ನಂತರ. ಆ ವರ್ಷ ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ಅಶೋಕ್ ಚವಾಣ್ ಅವರನ್ನು ಹೊಗಳುವ ಒಂದೇ ಬರಹ, ಅಕ್ಷರ ಬದಲಾಗದೆ, ಬೇರೆ ಬೇರೆ ಮರಾಠಿ ಪತ್ರಿಕೆಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಂದದ್ದನ್ನು ಪಿ. ಸಾಯಿನಾಥ್ ‘ದಿ ಹಿಂದೂ’ ಪತ್ರಿಕೆಯಲ್ಲಿ ಬಯಲು ಮಾಡಿದರು. ಪ್ರೆಸ್ ಕೌನ್ಸಿಲ್ ತನಿಖೆಗೆ ಉಪಸಮಿತಿ ಮಾಡಿತು. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಹೆಸರು ಸಮೇತ ವರದಿ ಕೊಟ್ಟರು. ಕೌನ್ಸಿಲ್ ಅದನ್ನು ಮಡಚಿಟ್ಟು ಸಾರಾಂಶ ಮಾತ್ರ ಹೊರಡಿಸಿತು. ಪೂರ್ತಿ ವರದಿ ಹೊರಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಹೇಳಬೇಕಾಯಿತು. ಎಲ್ಲರನ್ನೂ ಪ್ರಶ್ನಿಸುವ ಪತ್ರಿಕೋದ್ಯಮ ತನ್ನನ್ನೇ ಪ್ರಶ್ನಿಸಿದ ಕಾಗದವನ್ನು ಮಂಚದ ಕೆಳಗೆ ನೂಕಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಎರಡು ಹಿಂದಿ ಪತ್ರಿಕೆಗಳಲ್ಲಿ ಸುದ್ದಿಯ ವೇಷದಲ್ಲಿ ಬಂದ ಜಾಹೀರಾತಿನ ಖರ್ಚನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಶಾಸಕಿ ಮನೆಗೆ ಹೋದರು. ದುಡ್ಡು ತೆಗೆದುಕೊಂಡ ಪತ್ರಿಕೆಗಳು ಮಾರನೆಯ ದಿನವೂ ಎಂದಿನಂತೆ ಮನೆಮನೆಗೆ ಬಂದವು. ಕಾಸಿಗೆ ಸುದ್ದಿಯನ್ನು ಚುನಾವಣಾ ಅಪರಾಧವೆಂದು ಕಾನೂನಿನಲ್ಲೇ ಬರೆಯಿರಿ ಎಂದು ಕಾನೂನು ಆಯೋಗ 2015ರಲ್ಲಿ ತನ್ನ 255ನೇ ವರದಿಯಲ್ಲಿ ಹೇಳಿತು.

ಆದರೆ ಕಾಸು ಹಿಡಿಯಬಹುದಾದ ಕಳ್ಳ. ಕಥೆಯ ಹುಚ್ಚನ್ನು ಯಾವ ಸಮಿತಿ ಹಿಡಿಯುತ್ತದೆ?

2019ರ ಮೇ 23ಕ್ಕೆ ಫಲಿತಾಂಶ ಬಂತು. ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು. ಮಾಧ್ಯಮ ಗೆಲ್ಲಿಸಿತು ಎಂದು ಸೋತವರು, ಜನ ಗೆಲ್ಲಿಸಿದರು ಎಂದು ಗೆದ್ದವರು ಹೇಳಿದರು. ನನಗೆ ಮೊದಲನೆಯದರಲ್ಲಿ ನಂಬಿಕೆ ಇಲ್ಲ. ಅದಕ್ಕೆ ಒಂದು ವರ್ಷ ಮೊದಲಷ್ಟೇ ಆ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ವಿಧಾನಸಭಾ ಸ್ಥಾನಗಳನ್ನು ಜೆಡಿಎಸ್ ಗೆದ್ದಿತ್ತು. ಹಳ್ಳಿಹಳ್ಳಿಯಲ್ಲಿ ದಶಕಗಳಿಂದ ಜೆಡಿಎಸ್ ಜೊತೆ ಹೊಡೆದಾಡಿದ್ದ ಕಾಂಗ್ರೆಸ್ಸಿಗರಿಗೆ ಬೆಂಗಳೂರಿನಲ್ಲಿ ಆದ ಮೈತ್ರಿ ಗಂಟಲಲ್ಲಿ ಇಳಿಯಲಿಲ್ಲ. ಅವರಿಗೆ ಓಟು ಹಾಕಲು ಇನ್ನೊಂದು ಗುರುತು ಸಿಕ್ಕಿತು, ಹಾಕಿದರು. ತುಮಕೂರಿನಲ್ಲಿ ಯಾವ ವೈರಲ್ ವಿಡಿಯೊ ಇಲ್ಲದೆಯೂ ದೇವೇಗೌಡರು ಸೋತರು. ಇದು ಮೊದಲೇ ಗೊತ್ತಾಗಬೇಕಿದ್ದ ಸುದ್ದಿ. ಮಂಡ್ಯದಲ್ಲಿ ಬೀಡುಬಿಟ್ಟಿದ್ದ ಕ್ಯಾಮೆರಾಗಳು ಕಾಂಗ್ರೆಸ್ಸಿನ ಹಳ್ಳಿ ಕಾರ್ಯಕರ್ತನ ಮನೆಯ ಮುಂದೆ ನಿಂತಿದ್ದರೆ ಗೊತ್ತಾಗುತ್ತಿತ್ತು. ಅವು ಜೋಡೆತ್ತಿನ ಹಿಂದೆ ಓಡುತ್ತಿದ್ದವು.

ಅಂದಹಾಗೆ ಕಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಭ್ಯರ್ಥಿಗಳಿದ್ದರು. ಅವರಲ್ಲಿ ಸುಮಲತಾ ಎಂಬ ಹೆಸರಿನವರೇ ಇನ್ನೂ ಮೂವರು ಇದ್ದದ್ದು ಸುದ್ದಿಯಾಯಿತು. ಉಳಿದವರ ಹೆಸರು ಕೇಳಿದರೆ ಮಂಡ್ಯದವರೂ ಹೇಳಲಾರರು. ನಿಖಿಲ್ ಅವರಿಗೆ ಅನ್ಯಾಯವಾಯಿತೇ, ಸುಮಲತಾ ಅವರಿಗೆ ಆಯಿತೇ ಎಂದು ಇಷ್ಟುದ್ದ ತೂಗಿದ ನಾನೇ ಅವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಿದ್ದೇನೆ. ರೂಢಿ ಅಷ್ಟು ಗಟ್ಟಿ.

ನನ್ನನ್ನು ಇಂದಿಗೂ ಚುಚ್ಚುವುದು ಚುನಾವಣೆಗೆ ಐದು ತಿಂಗಳು ಮೊದಲಿನ ಒಂದು ದಿನ. 2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಕ್ಯಾಮೆರಾಗಳು ನಾಲೆಯ ಏರಿಯ ಮೇಲೆ ಸಾಲುಗಟ್ಟಿದವು. ನಾಲೆಗೆ ತಡೆಗೋಡೆ ಯಾಕಿಲ್ಲ ಎಂಬ ಪ್ರಶ್ನೆ ಸಂಜೆಯ ಹೊತ್ತಿಗೆ ಬಾಯಿಗೆ ಬಂದಿತ್ತು. ರಾತ್ರಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಅಂಬರೀಶ್ ತೀರಿಕೊಂಡರು. ಜನ ಪ್ರೀತಿಸಿದ ನಟ, ಅವರ ಸಾವು ದೊಡ್ಡ ಸುದ್ದಿಯೇ. ಕ್ಯಾಮೆರಾಗಳೆಲ್ಲ ಬೆಂಗಳೂರಿನತ್ತ ತಿರುಗಿದವು. ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ತಂದಾಗ ಮತ್ತೆ ಮಂಡ್ಯಕ್ಕೆ ಬಂದವು, ಆದರೆ ಕ್ರೀಡಾಂಗಣಕ್ಕೆ. ಕನಗನಮರಡಿಯ ಸುತ್ತಲ ಊರುಗಳಲ್ಲಿ ಸಾಲು ಸಾಲು ಹೆಣ ಸುಟ್ಟದ್ದು ಒಳಪುಟಕ್ಕೆ ಹೋಯಿತು.

ಆ ಹೆಲಿಕಾಪ್ಟರಿನ ಏರ್ಪಾಡು ಮಾಡಿದ್ದು ಯಾರು, ಮಾಡಿಸಿದ್ದು ಯಾರು ಎಂಬುದು ಏಪ್ರಿಲ್ ತಿಂಗಳ ಪ್ರಚಾರದಲ್ಲಿ ಚರ್ಚೆಯಾಯಿತು. ನಾಲೆಯ ತಡೆಗೋಡೆಯ ಬಗ್ಗೆ ನಿಖಿಲ್ ಅವರನ್ನೋ ಸುಮಲತಾ ಅವರನ್ನೋ ಮೈಕು ಹಿಡಿದು ಪಟ್ಟುಬಿಡದೆ ಕೇಳಿದವರನ್ನು ನಾನು ನೋಡಲಿಲ್ಲ. ನಾನೂ ಕೇಳಲಿಲ್ಲ.

2024ರಲ್ಲಿ ಸುಮಲತಾ ಬಿಜೆಪಿ ಸೇರಿದರು. ಬಿಜೆಪಿಯ ಮಿತ್ರರಾಗಿದ್ದ ಕುಮಾರಸ್ವಾಮಿ ಅದೇ ಮಂಡ್ಯದಿಂದ 2,84,620 ಮತಗಳ ಅಂತರದಿಂದ ಗೆದ್ದು ಕೇಂದ್ರ ಮಂತ್ರಿಯಾದರು. ನಿಖಿಲ್ 2023ರಲ್ಲಿ ರಾಮನಗರದಲ್ಲಿ, 2024ರ ನವೆಂಬರಿನಲ್ಲಿ ಚನ್ನಪಟ್ಟಣದಲ್ಲಿ ಸೋತರು. ಎಲ್ಲವೂ ನೇರ ಪ್ರಸಾರದಲ್ಲಿ ಬಂತು. ಅದರ ನಡುವೆ, 2023ರ ನವೆಂಬರಿನ ಒಂದು ರಾತ್ರಿ ಪಾಂಡವಪುರದ ಬನಘಟ್ಟದ ಹತ್ತಿರ ಅದೇ ವಿಶ್ವೇಶ್ವರಯ್ಯ ನಾಲೆಗೆ ಕಾರೊಂದು ಬಿದ್ದು ಐದು ಜನ ಸತ್ತರು.